ಸಂಧಿ ಶಬ್ದದ ಅರ್ಥವಿಚಾರ

॥ ಶ್ರೀ ವೀತರಾಗಾಯ ನಮಃ ॥



ಕಳೆದ ದಶಲಕ್ಷಣ ಪರ್ವದ ಸಂಜೆಗಳಲ್ಲಿ ಬಸದಿಯ ಪಾಠಶಾಲೆಯನ್ನು ನಡೆಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಕುಳಿತಿದ್ದ ಮಕ್ಕಳ ಮನೆಮಾತು ಕನ್ನಡ, ಶಾಲೆಯ ಭಾಷೆ ಮರಾಠಿ, ಪುಸ್ತಕದಲ್ಲಿದ್ದ ಸ್ತೋತ್ರ ಸಂಸ್ಕೃತ. ಚಿಕ್ಕ ಹುಡುಗಿಯೊಬ್ಬಳು ಮಾನತುಂಗಾಚಾರ್ಯರ ಸ್ತೋತ್ರದ ಹೆಸರನ್ನು 'ಭಕ್ತಾ, ಮರ' ಎಂದು ನಡುವೆ ಉಸಿರು ತೆಗೆದುಕೊಂಡು ಓದಿದಳು. ಅರ್ಥವೇನಮ್ಮಾ ಎಂದು ಕೇಳಿದರೆ 'ಭಕ್ತರ ಮರ' ಎಂದಳು. ಎಲ್ಲರೂ ನಕ್ಕೆವು. ಅದು ಭಕ್ತ ಮತ್ತು ಅಮರ ಎಂಬ ಎರಡು ಪದಗಳು ಕೂಡಿದ್ದು, ಭಕ್ತರಾದ ದೇವತೆಗಳು ಎಂದು ಅದರ ಅರ್ಥ ಎಂದು ತಿದ್ದಿದೆ. ಮರವನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಅದೇ ಸಂಜೆ ಹತ್ತನೆಯ ತರಗತಿಯ ಹುಡುಗನೊಬ್ಬನು ಹೇಳಿದ ಮಾತಿಗೆ ಮಾತ್ರ ನನಗೆ ನಗು ಬರಲಿಲ್ಲ. ಕೇವಲಿ ಭಗವಾನರು ಲೋಕಾಲೋಕವನ್ನು ಬಲ್ಲವರು ಎಂಬ ವಾಕ್ಯ ಬಂದಾಗ ಅವನು, 'ಊರೂರು ಅಂದ ಹಾಗೆ ಲೋಕಾಲೋಕ, ಅಂದರೆ ಎಷ್ಟೋ ಲೋಕಗಳು' ಎಂದು ವಿವರಿಸಿದ. ಅವನ ತರ್ಕ ಕನ್ನಡದ ಮಟ್ಟಿಗೆ ಸರಿಯಾಗಿಯೇ ಇತ್ತು. ಆದರೆ ಆ ಪದ ಲೋಕ ಮತ್ತು ಲೋಕ ಅಲ್ಲ. ಲೋಕ ಮತ್ತು ಅಲೋಕ. ನಡುವಿನ ದೀರ್ಘಾಕ್ಷರದೊಳಗೆ ಒಂದು ಹ್ರಸ್ವ ಅಕಾರ ಅಡಗಿ ಕುಳಿತಿದೆ; ಆ ಅಕಾರವೇ ನಿಷೇಧಾರ್ಥಕ. ಅದು ಕಾಣದೆ ಹೋದರೆ ಅಲೋಕಾಕಾಶವೆಂಬ ತತ್ತ್ವವೇ ಓದುಗನ ಕೈತಪ್ಪಿತು. ಆ ರಾತ್ರಿಯೇ ಈ ಲೇಖನವನ್ನು ಬರೆಯಬೇಕೆಂದು ನಿಶ್ಚಯಿಸಿದೆ. ಶಾಲೆಯ ವ್ಯಾಕರಣದಲ್ಲಿ ಅಂಕಕ್ಕಾಗಿ ಕಲಿತು ಮರೆಯುವ 'ಸಂಧಿ' ಎಂಬ ಪದ ಎಷ್ಟು ಶಾಸ್ತ್ರಗಳಲ್ಲಿ ಸಂಚರಿಸಿದೆ, ಜಿನಾಗಮದ ಅಧ್ಯಯನಕ್ಕೆ ಅದು ಹೇಗೆ ಬಾಗಿಲಾಗುತ್ತದೆ ಎಂಬುದೇ ಇಲ್ಲಿನ ವಿಷಯ.

ಮೊದಲು ಪದದ ಹುಟ್ಟು. 'ಸಮ್' ಎಂಬ ಉಪಸರ್ಗ, 'ಧಾ' ಎಂಬ ಧಾತು. ಧಾ ಎಂದರೆ ಇಡು, ಧರಿಸು. ಸಮ್ ಎಂದರೆ ಒಟ್ಟಾಗಿ, ಚೆನ್ನಾಗಿ. ಒಟ್ಟಿಗೆ ಇಡುವುದೇ ಸಂಧಿ. ಇದೇ ಧಾತುವಿನಿಂದ ಸಂಧಾನ ಬಂದಿತು. ನಡುವೆ 'ಆ' ಎಂಬ ಇನ್ನೊಂದು ಉಪಸರ್ಗ ಸೇರಿದಾಗ ಸಮಾಧಾನ, ಸಮಾಧಿ ಎಂಬ ಪದಗಳಾದವು. ಸಲ್ಲೇಖನವನ್ನು ಸಮಾಧಿಮರಣವೆಂದು ಕರೆಯುವಾಗ, ಚದುರಿದ ಚಿತ್ತವನ್ನು ಒಂದೆಡೆ ಇಡುವ ಆ ಮೂಲಾರ್ಥವೇ ಅಲ್ಲಿ ಕೆಲಸ ಮಾಡುತ್ತಿರುತ್ತದೆ. ಸಂಧ್ಯಾ ಶಬ್ದಕ್ಕೆ ಮಾತ್ರ ಎರಡು ವ್ಯುತ್ಪತ್ತಿಗಳನ್ನು ಹೇಳುವುದುಂಟು. ಹಗಲಿರುಳುಗಳು ಕೂಡುವ ಹೊತ್ತು ಎಂಬುದು ಒಂದು. ಧ್ಯಾನಾರ್ಥಕವಾದ 'ಧ್ಯೈ' ಧಾತುವಿನಿಂದ, ಚೆನ್ನಾಗಿ ಧ್ಯಾನಿಸುವ ಹೊತ್ತು ಎಂಬುದು ಮತ್ತೊಂದು. ತ್ರಿಸಂಧ್ಯೆಯಲ್ಲಿ ಸಾಮಾಯಿಕಕ್ಕೆ ಕುಳಿತುಕೊಳ್ಳುವ ಶ್ರಾವಕರಿಗೆ ಎರಡೂ ಒಪ್ಪತಕ್ಕವೇ.

ವ್ಯಾಕರಣದಲ್ಲಿ ಸಂಧಿಗೆ ಇರುವ ಮೊದಲ ಷರತ್ತು ಸಾಮೀಪ್ಯ. ಅಕ್ಷರಗಳ ಅತ್ಯಂತ ಸಾಮೀಪ್ಯವನ್ನು ಪಾಣಿನಿಯು ಸಂಹಿತೆ ಎಂದು ಕರೆದಿದ್ದಾನೆ. ನಡುವೆ ಕಾಲದ ಅಂತರವಿಲ್ಲದೆ ಎರಡು ಧ್ವನಿಗಳು ಒಂದನ್ನೊಂದು ಮುಟ್ಟಿದಾಗ ಮಾತ್ರ ಸಂಧಿ. ದೂರದಲ್ಲಿರುವವರನ್ನು 'ಅಣ್ಣಾ, ಇತ್ತ ಬಾ' ಎಂದು ಕೂಗುವಾಗ ಸ್ವರವನ್ನು ಎಳೆಯುತ್ತೇವೆ. ಅಲ್ಲಿ ಆಕಾರ ಇಕಾರಗಳು ಎದುರುಬದುರಾಗಿದ್ದರೂ ಸಂಧಿ ಆಗುವುದಿಲ್ಲ. ಕೂಗುವವನೂ ಕೂಗಿಸಿಕೊಳ್ಳುವವನೂ ದೂರವಿದ್ದಾಗ ಅಕ್ಷರಗಳೂ ದೂರವೇ ಉಳಿಯುತ್ತವೆ.

ಈ ಶಾಸ್ತ್ರವನ್ನು ನಮ್ಮ ಪೂರ್ವಾಚಾರ್ಯರು ಬೆಳೆಸಿದ ಬಗೆಯನ್ನು ಸ್ಮರಿಸಬೇಕು. ಪೂಜ್ಯಪಾದ ದೇವನಂದಿಗಳು ಜೈನೇಂದ್ರ ವ್ಯಾಕರಣವನ್ನು ರಚಿಸಿದರು. ಒಂಬತ್ತನೆಯ ಶತಮಾನದಲ್ಲಿ ಶಾಕಟಾಯನ ಪಾಲ್ಯಕೀರ್ತಿಗಳು ಶಬ್ದಾನುಶಾಸನವನ್ನು ಬರೆದು, ಅದರ ವೃತ್ತಿಗೆ ಅಮೋಘವರ್ಷ ಚಕ್ರವರ್ತಿಯ ನೆನಪಾಗಿ ಅಮೋಘವೃತ್ತಿ ಎಂದು ಹೆಸರಿಟ್ಟರು. ಜೈನ ಪಾಠಶಾಲೆಗಳಲ್ಲಿ ಬಹುಕಾಲ ಓದಿಸುತ್ತಿದ್ದ ಕಾತಂತ್ರ ವ್ಯಾಕರಣದ ಮೊದಲ ಭಾಗವೇ ಸಂಧಿ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವೂ ಸಂಧಿಪ್ರಕರಣದಿಂದಲೇ ಆರಂಭವಾಗುತ್ತದೆ. 1604ರಲ್ಲಿ ಭಟ್ಟಾಕಳಂಕದೇವರು ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಹೇಳಿ ಕರ್ಣಾಟಕ ಶಬ್ದಾನುಶಾಸನವನ್ನು ಕೊಟ್ಟರು. ಹೊಸೂರು ತಾಳವಾಡಿಗಳ ಕಡೆ ತಮಿಳು ಕಲಿಯುವ ಮಕ್ಕಳಿಗೆ ಇನ್ನೊಂದು ಮಾತು: ತಮಿಳಿನ ನನ್ನೂಲ್ ಎಂಬ ವ್ಯಾಕರಣವನ್ನು ಬರೆದ ಪವಣಂದಿ ಮುನಿಗಳೂ ಜೈನರೇ, ಅವರೂ ಹದಿಮೂರನೆಯ ಶತಮಾನದವರೇ, ಅವರಿಗೆ ಆಶ್ರಯವಿತ್ತವನು ಸೀಯಗಂಗನೆಂಬ ಗಂಗವಂಶದ ಅರಸ.

ಇವರೆಲ್ಲರ ಲೆಕ್ಕಾಚಾರ ಬಹಳ ಹತ್ತಿರದ್ದು. ಕನ್ನಡದಲ್ಲಿ ಲೋಪ, ಆಗಮ, ಆದೇಶ ಎಂದು ಮೂರು. ನನ್ನೂಲಿನಲ್ಲಿ ಕೆಡುದಲ್, ತೋನ್ರಲ್, ತಿರಿದಲ್ ಎಂದು ಅವೇ ಮೂರು: ಹೋಗುವುದು, ಬರುವುದು, ಬದಲಾಗುವುದು. ಮಲಯಾಳದಲ್ಲಿ ಎ. ಆರ್. ರಾಜರಾಜವರ್ಮರ ಕೇರಳಪಾಣಿನೀಯವು ಈ ಮೂರಕ್ಕೆ ದ್ವಿತ್ವವನ್ನು ಸೇರಿಸಿ ನಾಲ್ಕು ಮಾಡುತ್ತದೆ. ತೆಲುಗಿನವರು ಗಸಡದವಾದೇಶವೆಂದು ಕಲಿಯುವುದೂ ನಮ್ಮ ಕ, ತ, ಪ ಗಳು ಗ, ದ, ಬ ಗಳಾಗುವುದೂ ಅಕ್ಕತಂಗಿಯರಂತೆ. ವಯನಾಡಿನ ಮಗುವೂ ಮಡಕಶಿರದ ಮಗುವೂ ಬೇರೆ ಬೇರೆ ಲಿಪಿಗಳಲ್ಲಿ ಓದುತ್ತಿರುವುದು ಒಂದೇ ಪಾಠವನ್ನು.

ಇಲ್ಲಿ ನನಗೆ ಬಹು ಪ್ರಿಯವಾದ ಒಂದು ಅಂಶವನ್ನು ಹೇಳಬೇಕು. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಬದಲಾದದ್ದು ಎರಡನೆಯ ಪದದ ಮೊದಲಕ್ಷರ. ಬೆಟ್ಟದಾವರೆಯಲ್ಲಿ ತಾವರೆಯ ತಕಾರ, ಕಂಬನಿಯಲ್ಲಿ ಪನಿಯ ಪಕಾರ, ಹೀಗೆಯೇ. ಹೊಸದಾಗಿ ಬಂದವರು ಮೃದುವಾಗುತ್ತಾರೆ. ಸಂಸ್ಕೃತದ ಜಶ್ತ್ವಸಂಧಿಯಲ್ಲಿ ಹಾಗಲ್ಲ; ದಿಕ್ ಮತ್ತು ಅಂಬರ ಸೇರಿ ದಿಗಂಬರವಾಗುವಾಗ ಮೊದಲೇ ಇದ್ದ ಪದದ ಕೊನೆಯಕ್ಷರ ಮೃದುವಾಗುತ್ತದೆ. ಬರುವವರಿಗಾಗಿ ಇದ್ದವರು ಸರಿದು ಜಾಗ ಕೊಟ್ಟಂತೆ. ಗುಣಸಂಧಿಯಲ್ಲಿ ಇಬ್ಬರೂ ಉಳಿಯುವುದಿಲ್ಲ. ಜಿನ ಮತ್ತು ಇಂದ್ರ ಸೇರಿ ಜಿನೇಂದ್ರವಾದಾಗ ಅಕಾರವೂ ಇಕಾರವೂ ಹೋಗಿ ಇಬ್ಬರಲ್ಲೂ ಇರದ ಏಕಾರ ಹುಟ್ಟುತ್ತದೆ. ಭಾಷೆಯ ಗಡಿ ದಾಟಿ ಸೊಸೆಯನ್ನು ತಂದುಕೊಂಡ, ಮಗಳನ್ನು ಕೊಟ್ಟ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಯಾವ ಮನೆಯಲ್ಲಿ ಯಾವ ಸಂಧಿ ನಡೆದಿದೆ ಎಂಬುದನ್ನು ಅವರವರೇ ಬಲ್ಲರು.

ಕನ್ನಡ ವೈಯಾಕರಣರು ಲೋಪಸಂಧಿಗೆ ಒಂದು ಎಚ್ಚರಿಕೆಯನ್ನು ಇಟ್ಟಿದ್ದಾರೆ: ಅರ್ಥ ಕೆಡಬಾರದು. ಊರು ಮತ್ತು ಅಲ್ಲಿ ಸೇರಿದಾಗ ಉಕಾರ ಹೋಗಿ ಊರಲ್ಲಿ ಎಂದಾದರೆ ನಷ್ಟವಿಲ್ಲ. ಗುರು ಮತ್ತು ಅನ್ನು ಸೇರಿದಾಗ ಹಾಗೆ ಮಾಡಿದರೆ 'ಗುರನ್ನು' ಎಂದಾಗಿ ಗುರುವೇ ಕಾಣೆಯಾಗುತ್ತಾನೆ. ಆದುದರಿಂದ ಅಲ್ಲಿ ವಕಾರವೊಂದು ನಡುವೆ ಬಂದು ನಿಂತು ಗುರುವನ್ನು ಉಳಿಸುತ್ತದೆ. ಕೂಡಬೇಕು, ಆದರೆ ಕೂಡಿದವರಲ್ಲಿ ಒಬ್ಬರು ಅಳಿಯಬಾರದು ಎಂಬುದೇ ಆ ನಿಯಮದ ಮರ್ಮ.

ರತ್ನತ್ರಯದ ಹೆಸರುಗಳನ್ನೇ ನೋಡಿ. ಸಮ್ಯಕ್ ಎಂಬ ಒಂದೇ ಪದ ಮೂರು ಕಡೆ ಬರುತ್ತದೆ. ದರ್ಶನದ ಮುಂದೆ ಸಮ್ಯಗ್ದರ್ಶನ, ಜ್ಞಾನದ ಮುಂದೆ ಸಮ್ಯಗ್‌ಜ್ಞಾನ. ಆದರೆ ಚಾರಿತ್ರದ ಮುಂದೆ ಸಮ್ಯಕ್‌ಚಾರಿತ್ರ. ಮೊದಲ ಎರಡರಲ್ಲಿ ಕಕಾರ ಗಕಾರವಾಯಿತು, ಮೂರನೆಯದರಲ್ಲಿ ಆಗಲಿಲ್ಲ, ಏಕೆ ಎಂದು ಮಕ್ಕಳು ಕೇಳುತ್ತಾರೆ. ದ, ಜ ಗಳು ನಾದವುಳ್ಳ ಅಕ್ಷರಗಳು. ಅವುಗಳ ಸಂಗಡ ಕಕಾರವೂ ನಾದವನ್ನು ಪಡೆದು ಗಕಾರವಾಗುತ್ತದೆ. ಚಕಾರಕ್ಕೆ ಆ ನಾದವಿಲ್ಲ. ಆದುದರಿಂದ ಕಕಾರ ಹಾಗೆಯೇ ನಿಲ್ಲುತ್ತದೆ. ಗಂಟಲಿನ ಮೇಲೆ ಬೆರಳಿಟ್ಟು 'ದ', 'ಜ', 'ಚ' ಎಂದು ಹೇಳಿನೋಡಿದರೆ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಸ್ಯಾತ್ ಮತ್ತು ವಾದ ಸೇರಿ ಸ್ಯಾದ್ವಾದವಾದದ್ದಕ್ಕೂ ಇದೇ ಕಾರಣ.

ಇನ್ನು ಆ ಅಡಗಿದ ಅಕಾರದ ಮಾತು. ಲೋಕಾಲೋಕ, ಜೀವಾಜೀವ, ಧರ್ಮಾಧರ್ಮ: ಮೂರೂ ಸವರ್ಣದೀರ್ಘ ಸಂಧಿಗಳು, ಮೂರರಲ್ಲೂ ನಿಷೇಧ ಮರೆಯಾಗಿದೆ. ಇವುಗಳಲ್ಲಿ ಕೊನೆಯದು ಅತ್ಯಂತ ಅಪಾಯದ್ದು. ಲೋಕರೂಢಿಯಲ್ಲಿ ಧರ್ಮಾಧರ್ಮ ಎಂದರೆ ಪುಣ್ಯಪಾಪ, ನ್ಯಾಯಾನ್ಯಾಯ. ಷಡ್ದ್ರವ್ಯಗಳ ಸಂದರ್ಭದಲ್ಲಿ ಅದರ ಅರ್ಥವೇ ಬೇರೆ. ಜೀವ ಪುದ್ಗಲಗಳ ಚಲನೆಗೆ, ಮೀನಿಗೆ ನೀರಿನಂತೆ, ಸಹಕಾರಿಯಾಗುವುದು ಧರ್ಮದ್ರವ್ಯ. ನಿಲ್ಲುವವರಿಗೆ, ದಾರಿಹೋಕನಿಗೆ ಮರದ ನೆರಳಿನಂತೆ, ಸಹಕಾರಿಯಾಗುವುದು ಅಧರ್ಮದ್ರವ್ಯ. ಇಲ್ಲಿ ಅಧರ್ಮವೆಂದರೆ ಪಾಪವಲ್ಲ. ಈ ಎರಡು ದ್ರವ್ಯಗಳು ವ್ಯಾಪಿಸಿರುವಷ್ಟೇ ಲೋಕ. ಅದರಾಚೆಗೆ ಬರಿಯ ಆಕಾಶ, ಅದೇ ಅಲೋಕ. ಕರ್ಮಮುಕ್ತನಾದ ಜೀವನು ಮೇಲೇರಿ ಲೋಕಾಗ್ರದಲ್ಲಿಯೇ ನಿಲ್ಲುವುದೇಕೆ, ಇನ್ನೂ ಮೇಲೆ ಹೋಗುವುದಿಲ್ಲವೇಕೆ ಎಂದರೆ, ಆಚೆಗೆ ಧರ್ಮದ್ರವ್ಯವಿಲ್ಲ ಎಂಬುದೇ ಶಾಸ್ತ್ರದ ಉತ್ತರ. ನಮ್ಮ ಹತ್ತನೆಯ ತರಗತಿಯ ಹುಡುಗನು ಲೋಕಾಲೋಕವನ್ನು ಲೋಕಲೋಕವೆಂದು ಓದಿದಾಗ ಅವನಿಗೆ ಸಿದ್ಧಶಿಲೆಯ ಆಚೆಯೂ ಲೋಕಗಳಿದ್ದವು. ಒಂದು ಅಕ್ಷರವನ್ನು ಬಿಡಿಸದೆ ಹೋದದ್ದರಿಂದ ಅಷ್ಟು ದೂರ ದಾರಿ ತಪ್ಪಿತು.

ವ್ಯಾಕರಣದ ಹೊರಗೆ ಸಂಧಿಯು ಮೊದಲು ಕಾಣುವುದು ನಮ್ಮ ಮೈಯಲ್ಲೇ. ಸುಶ್ರುತನು ಶರೀರದಲ್ಲಿ 210 ಸಂಧಿಗಳನ್ನು ಎಣಿಸಿದ್ದಾನೆ: ಕೈಕಾಲುಗಳಲ್ಲಿ 68, ನಡುಮೈಯಲ್ಲಿ 59, ಕುತ್ತಿಗೆಯಿಂದ ಮೇಲೆ 83. ಆಕಾರಕ್ಕನುಸಾರವಾಗಿ ಎಂಟು ಬಗೆಗಳನ್ನೂ ಹೇಳಿದ್ದಾನೆ. ಕಂಕುಳು ತೊಡೆಸಂದುಗಳಲ್ಲಿ ಇರುವುದು ಉಲೂಖಲ, ಅಂದರೆ ಒರಳಿನಂತಹದು; ಒರಳಲ್ಲಿ ಒನಕೆ ತಿರುಗಿದಂತೆ ಅಲ್ಲಿ ಮೂಳೆಯ ಗುಂಡು ತಿರುಗುತ್ತದೆ. ತಲೆಬುರುಡೆಯದು ತುನ್ನಸೇವನೀ, ಹೊಲಿಗೆಯ ಹಾಗಿರುವುದು. ನಮ್ಮ ಹಿರಿಯರು 'ಸಂದುನೋವು' ಎನ್ನುವಾಗ, ಮರಾಠಿಯ ಬಂಧುಗಳು 'ಸಾಂಧೇದುಖಿ' ಎನ್ನುವಾಗ, ಮಲಯಾಳದವರು 'ಸಂಧಿವಾತಂ' ಎನ್ನುವಾಗ ನೋಯುವುದು ಒಂದೇ ಜಾಗ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ ಮಾಂಸ ಮಧುಗಳಿಲ್ಲದೆಯೇ ಚಿಕಿತ್ಸೆ ಸಾಧ್ಯವೆಂದು ಕಲ್ಯಾಣಕಾರಕವನ್ನು ಬರೆದರು; ಆ ಗ್ರಂಥ 1940ರಲ್ಲಿ ಸೊಲ್ಲಾಪುರದಲ್ಲಿ ಅಚ್ಚಾಯಿತು ಎಂಬುದು ನಮ್ಮ ಸೀಮೆಗೆ ಹೆಮ್ಮೆಯ ಸಂಗತಿ.

ಜೈನ ಕರ್ಮಶಾಸ್ತ್ರವು ಮೂಳೆಗಳ ಬೆಸುಗೆಯನ್ನು ವೈದ್ಯರಿಗಿಂತ ಬೇರೆ ದೃಷ್ಟಿಯಿಂದ ನೋಡಿದೆ. ಅದನ್ನು ಸಂಹನನ ಎನ್ನುತ್ತಾರೆ. ಅದು ನಾಮಕರ್ಮದ ಫಲ. ವಜ್ರವೃಷಭನಾರಾಚ, ವಜ್ರನಾರಾಚ, ನಾರಾಚ, ಅರ್ಧನಾರಾಚ, ಕೀಲಿತ, ಅಸಂಪ್ರಾಪ್ತಾಸೃಪಾಟಿಕಾ ಎಂದು ಆರು ಭೇದಗಳು. ಮೊದಲನೆಯದರಲ್ಲಿ ಮೂಳೆ, ಅದರ ಸುತ್ತಣ ಕಟ್ಟು, ಸಂದಿನ ಕೀಲು ಮೂರೂ ವಜ್ರದಂತೆ. ಕೊನೆಯದರಲ್ಲಿ ಮೂಳೆಗಳು ಒಂದರೊಳಗೊಂದು ಸೇರದೆ ಬರಿಯ ನರಗಳಿಂದ ಕಟ್ಟಿದಂತೆ. ಮೋಕ್ಷಕ್ಕೆ ಬೇಕಾದ ಧ್ಯಾನವನ್ನು ಮೊದಲ ಸಂಹನನದ ದೇಹವೇ ತಾಳಬಲ್ಲದು ಎಂದು ಆಗಮ. ಬಾಹುಬಲಿ ಸ್ವಾಮಿಯು ಒಂದು ವರ್ಷ ಕಾಯೋತ್ಸರ್ಗದಲ್ಲಿ ನಿಂತ ಕಥೆಯನ್ನು ಕೇಳಿ, 'ಕಾಲು ನೋಯಲಿಲ್ಲವೇ' ಎಂದು ಮಕ್ಕಳು ಪ್ರಶ್ನಿಸಿದಾಗ ನಾನು ಈ ಆರರ ಪಟ್ಟಿಯನ್ನು ಬಿಚ್ಚುತ್ತೇನೆ. ಅಭಿಷೇಕ ನೋಡಲು ಅರ್ಧ ಗಂಟೆ ನಿಂತು ಮೊಣಕಾಲು ಹಿಡಿದುಕೊಳ್ಳುವ ನಾವು ಯಾವ ಸಂಹನನದವರೆಂಬುದಕ್ಕೆ ಬೇರೆ ಪ್ರಮಾಣ ಬೇಡ.

ರಾಜನೀತಿಯಲ್ಲಿ ಸಂಧಿಯು ಷಾಡ್ಗುಣ್ಯದ ಮೊದಲ ಗುಣ: ಸಂಧಿ, ವಿಗ್ರಹ, ಯಾನ, ಆಸನ, ಸಂಶ್ರಯ, ದ್ವೈಧೀಭಾವ. ಕೌಟಿಲ್ಯನ ನಂತರ ಇದನ್ನು ವಿವರಿಸಿದವರಲ್ಲಿ ಸೋಮದೇವಸೂರಿಗಳು ಮುಖ್ಯರು; ಅವರ ನೀತಿವಾಕ್ಯಾಮೃತ ಜೈನಾಚಾರ್ಯರೊಬ್ಬರು ಬರೆದ ರಾಜನೀತಿಗ್ರಂಥ. ರಾಜ್ಯಗಳ ನಡುವಣ ಒಪ್ಪಂದ ಮತ್ತು ಯುದ್ಧಗಳ ಪತ್ರವ್ಯವಹಾರವನ್ನು ನೋಡಿಕೊಳ್ಳುವ ಮಂತ್ರಿಗೆ ಸಂಧಿವಿಗ್ರಹಿ ಎಂದು ಹೆಸರು. ಸಮುದ್ರಗುಪ್ತನ ಪ್ರಯಾಗದ ಪ್ರಶಸ್ತಿಯನ್ನು ರಚಿಸಿದ ಹರಿಷೇಣನಿಗೆ ಈ ಪದವಿಯಿತ್ತು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ 'ಕನ್ನಡ ಸಂಧಿವಿಗ್ರಹಿ' ಎಂಬ ಬಿರುದೇ ಕಾಣುತ್ತದೆ. ಸಂಧಿ ಮಾಡುವವನಿಗೂ ವಿಗ್ರಹ ಮಾಡುವವನಿಗೂ ಒಂದೇ ಹುದ್ದೆ ಎಂಬುದು ಗಮನಾರ್ಹ. ವ್ಯಾಕರಣದಲ್ಲಿಯೂ ಸಮಾಸವನ್ನು ಬಿಡಿಸಿ ಹೇಳುವ ವಾಕ್ಯಕ್ಕೆ ವಿಗ್ರಹವಾಕ್ಯವೆಂದೇ ಹೆಸರು. ಕೂಡಿಸಬಲ್ಲವನೇ ಬಿಡಿಸಬಲ್ಲನು.

ಕಾವ್ಯಶಾಸ್ತ್ರದಲ್ಲಿ ಸಂಧಿಗೆ ಎರಡು ಅರ್ಥಗಳಿವೆ. ನಾಟಕದ ಕಥೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳಲ್ಲಿ ಸಾಗುತ್ತದೆ ಎಂಬುದು ಭರತಮುನಿಯ ಮತ. ಅದು ವಿದ್ವಾಂಸರ ಮಾತು, ಇಲ್ಲಿ ಬೆಳೆಸುವುದಿಲ್ಲ. ಎರಡನೆಯ ಅರ್ಥ ನಮಗೆ ಹತ್ತಿರದ್ದು: ಕಾವ್ಯದ ಅಧ್ಯಾಯಕ್ಕೆ ಸಂಧಿ ಎಂದು ಹೆಸರು. ಸಂಸ್ಕೃತ ಮಹಾಕಾವ್ಯಕ್ಕೆ ಸರ್ಗ, ಪ್ರಾಕೃತಕ್ಕೆ ಆಶ್ವಾಸ, ಅಪಭ್ರಂಶಕ್ಕೆ ಸಂಧಿ ಎಂದು ಹೇಮಚಂದ್ರಾಚಾರ್ಯರು ವಿಂಗಡಿಸಿದ್ದಾರೆ. ಸ್ವಯಂಭುವಿನ ಪಉಮಚರಿಉ 90 ಸಂಧಿಗಳದು; ಕೊನೆಯ ಕೆಲವನ್ನು ಮಗ ತ್ರಿಭುವನನು ಪೂರ್ಣಗೊಳಿಸಿದ. ಪುಷ್ಪದಂತನ ಮಹಾಪುರಾಣ 102 ಸಂಧಿಗಳದು. ಅದು 959ರಲ್ಲಿ ಆರಂಭವಾಗಿ 965ರಲ್ಲಿ ಮುಗಿಯಿತು. ರಚನೆಯಾದದ್ದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿ. ಅದೇ 959ರಲ್ಲಿ ಸೋಮದೇವಸೂರಿಗಳು ತಮ್ಮ ಯಶಸ್ತಿಲಕ ಚಂಪುವನ್ನು ಸಂಸ್ಕೃತದಲ್ಲಿ ಮುಗಿಸಿದರು. ಪೊನ್ನನು ಅದೇ ಕೃಷ್ಣನ ಆಶ್ರಯದಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದ. ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರಿಕ್ಯಾಲದ ಬಳಿ ಬಂಡೆಯ ಮೇಲೆ ಕನ್ನಡ, ತೆಲುಗು, ಸಂಸ್ಕೃತ ಮೂರರಲ್ಲೂ ಶಾಸನ ಬರೆಸಿದ. ಒಂದೇ ಚಕ್ರವರ್ತಿಯ ನಾಡಿನಲ್ಲಿ ಜೈನರು ನಾಲ್ಕು ಭಾಷೆಗಳಲ್ಲಿ ಬರೆಯುತ್ತಿದ್ದ ಕಾಲವದು. ಮಕ್ಕಳಿಗೆ ಎರಡು ಲಿಪಿ ಕಲಿಸುವುದು ಭಾರವೆಂದು ಕೆಲವು ಪೋಷಕರು ಹೇಳುವಾಗ ನನಗೆ ಜಿನವಲ್ಲಭನ ಆ ಬಂಡೆ ನೆನಪಾಗುತ್ತದೆ.

ಹಳಗನ್ನಡದ ಚಂಪೂಕವಿಗಳು ಆಶ್ವಾಸಗಳನ್ನು ಬಳಸಿದರು. ಪಂಪನ ಆದಿಪುರಾಣದಲ್ಲಿ 16 ಆಶ್ವಾಸಗಳು. ಮುಂದೆ ದೇಸಿ ಛಂದಸ್ಸುಗಳು ಬಂದಾಗ ಸಂಧಿ ಎಂಬ ಹೆಸರು ಕನ್ನಡಕ್ಕೂ ಬಂದಿತು. ಷಟ್ಪದಿಕಾರರು ಅದನ್ನೇ ಇಟ್ಟುಕೊಂಡರು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ 34 ಸಂಧಿಗಳಿವೆ. ಹದಿನಾರನೆಯ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿಯು ಸಾಂಗತ್ಯದಲ್ಲಿ ಹಾಡಿದ ಭರತೇಶ ವೈಭವವೂ ಸಂಧಿಗಳಲ್ಲಿಯೇ ಸಾಗುತ್ತದೆ. ಅಪಭ್ರಂಶದ ಜೈನಕಾವ್ಯಗಳಿಗೂ ಕನ್ನಡದ ಈ ರೂಢಿಗೂ ನಂಟಿರಬೇಕೆಂದು ನನ್ನ ಊಹೆ, ವಿದ್ವಾಂಸರು ನಿರ್ಣಯಿಸಲಿ. ಕಾಸರಗೋಡಿನ ಕಡೆಯ ಬಂಧುಗಳಿಗೆ ಇನ್ನೂ ಒಂದು ಬಳಕೆ ಗೊತ್ತಿದೆ: ತುಳುವಿನ ಪಾಡ್ದನಗಳಿಗೆ ಸಂದಿ ಎಂದೇ ಹೆಸರು.

ಕಾಲದಲ್ಲಿಯೂ ಸಂಧಿಗಳಿವೆ. ರಾಶಿಸಂಧಿ, ದಶಾಸಂಧಿಗಳ ಮಾತು ಜೋಯಿಸರಿಗೆ ಬಿಟ್ಟದ್ದು. ಶ್ರಾವಕರಿಗೆ ಮುಖ್ಯವಾದವು ಉದಯ, ಅಸ್ತಗಳ ಸಂಧಿಗಳು. ಸೂರ್ಯೋದಯದ ನಂತರ ಎರಡು ಗಳಿಗೆ, ಸೂರ್ಯಾಸ್ತಕ್ಕೆ ಮೊದಲು ಎರಡು ಗಳಿಗೆ, ಅಂದರೆ 48 ನಿಮಿಷಗಳನ್ನು ಬಿಟ್ಟು ಆಹಾರ ಸೇವಿಸಬೇಕೆಂಬ ಆಚಾರ ಹಗಲಿರುಳಿನ ಗೆರೆ ಕತ್ತಿಯ ಅಲಗಿನಂತೆ ಇರುವುದಿಲ್ಲ ಎಂಬ ತಿಳಿವಿನಿಂದ ಬಂದುದು. ಸಂಧಿಯಲ್ಲಿ ಯಾವಾಗಲೂ ಒಂದಿಷ್ಟು ಅಗಲವಿರುತ್ತದೆ. ಸಿದ್ಧಾಂತಗ್ರಂಥಗಳ ಸ್ವಾಧ್ಯಾಯವನ್ನು ಸಂಧ್ಯಾಕಾಲದಲ್ಲಿ ಮಾಡಬಾರದೆಂಬ ನಿಷೇಧವೂ ಇದೆ. ಓದಿಗಲ್ಲ, ಸಾಮಾಯಿಕಕ್ಕೆ ಮೀಸಲಾದ ಹೊತ್ತು ಅದು.

ನೆರೆಭಾಷೆಗಳಲ್ಲಿ ಈ ಪದದ ಬಣ್ಣ ಬದಲಾಗುವುದರಿಂದ ಪೇಚಿಗೆ ಸಿಲುಕಿದ ಪ್ರಸಂಗವೊಂದುಂಟು. ನಮ್ಮ ಕಡೆಯ ತರುಣನೊಬ್ಬನು, ಮರಾಠಿಯಲ್ಲಿ ಓದಿದವನು, ದಕ್ಷಿಣದ ಬೀಗರಾಗಲಿರುವ ಹಿರಿಯರಿಗೆ ಕನ್ನಡದಲ್ಲಿ ಕಾಗದ ಬರೆದ. ಅದರಲ್ಲಿ 'ಇದು ಒಳ್ಳೆಯ ಸಂಧಿ, ಬಿಡಬಾರದು' ಎಂಬ ಮಾತಿತ್ತು. ಹಿರಿಯರು ಕಾಗದವನ್ನು ಮಡಿಸಿಟ್ಟು, 'ನಮಗೂ ಅವರಿಗೂ ಜಗಳವೇ ಆಗಿಲ್ಲ, ಸಂಧಿ ಯಾತರದು?' ಎಂದು ಮುನಿಸಿಕೊಂಡರು. ಮರಾಠಿಯಲ್ಲಿ 'ಸಂಧೀ' ಎಂದರೆ ಸದವಕಾಶ ಎಂದು ಮಧ್ಯಸ್ಥರು ತಿಳಿಸಿ ಹೇಳುವಷ್ಟರಲ್ಲಿ ಹದಿನೈದು ದಿನ ಕಳೆದವು. ತಮಿಳಿನಲ್ಲಿ 'ಸಂದಿ' ಬೀದಿಗಳು ಕೂಡುವ ಸ್ಥಳ, 'ಸಂದಿಪ್ಪು' ಭೇಟಿ ಮತ್ತು ರೈಲಿನ ಜಂಕ್ಷನ್. ತೆಲುಗಿನಲ್ಲಿ 'ಸಂದು' ಓಣಿ. ಜ್ವರದ ಬಡಬಡಿಕೆಗೂ ಅಲ್ಲಿ 'ಸಂಧಿ' ಎನ್ನುತ್ತಾರೆ. ಮಲಯಾಳದ 'ಪ್ರತಿಸಂಧಿ' ಎಂದರೆ ಬಿಕ್ಕಟ್ಟು. ಕನ್ನಡದ ಸಂದಿಗೊಂದಿಗಳಲ್ಲಿ ಓಡಾಡಿ ಬೆಳೆದ ನಮಗೆ ಇವು ಯಾವುವೂ ಪೂರ್ತಿ ಅಪರಿಚಿತವಲ್ಲ. ಎರಡು ಕೂಡುವ ಜಾಗವೆಂಬ ಮೂಲಾರ್ಥ ಎಲ್ಲದರ ಬುಡದಲ್ಲೂ ಇದೆ. ಆದರೆ ಕಾಗದ ಬರೆಯುವಾಗ ಎಚ್ಚರವಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಈ ಪದದ ಅತ್ಯಂತ ಸೂಕ್ಷ್ಮವಾದ ಪ್ರಯೋಗವನ್ನು ಹೇಳದೆ ಮುಗಿಸುವಂತಿಲ್ಲ. ಕುಂದಕುಂದಾಚಾರ್ಯರ ಸಮಯಸಾರದ ಮೋಕ್ಷಾಧಿಕಾರದಲ್ಲಿ, ಜೀವವನ್ನೂ ಬಂಧವನ್ನೂ ಅವುಗಳ ತಮ್ಮತಮ್ಮ ಲಕ್ಷಣಗಳಿಂದ ಗುರುತಿಸಿ ಪ್ರಜ್ಞೆಯೆಂಬ ಉಳಿಯಿಂದ ಬೇರ್ಪಡಿಸಬೇಕೆಂಬ ಉಪದೇಶವಿದೆ. ಅದಕ್ಕೆ ಆತ್ಮಖ್ಯಾತಿ ಟೀಕೆಯನ್ನು ಬರೆದ ಅಮೃತಚಂದ್ರಾಚಾರ್ಯರು ಅಲ್ಲಿನ ಕಲಶಪದ್ಯದಲ್ಲಿ, ಆ ಉಳಿ ಬೀಳಬೇಕಾದ ಸ್ಥಳವನ್ನು ಆತ್ಮ ಮತ್ತು ಕರ್ಮಗಳ ನಡುವಣ ಸೂಕ್ಷ್ಮವಾದ ಒಳಸಂಧಿ ಎಂದು ಕರೆದಿದ್ದಾರೆ. ಹಾಲು ನೀರಿನಂತೆ ಒಂದೇ ಕ್ಷೇತ್ರದಲ್ಲಿ ಕೂಡಿಕೊಂಡಿರುವ ಅವೆರಡೂ ಹೊರಗಣ್ಣಿಗೆ ಒಂದೇ. ಆದರೆ ಕೂಡಿದ್ದು ಎಂದಮೇಲೆ ಕೂಡಿದ ಜಾಗವೊಂದು ಇರಲೇಬೇಕು. ಅರಿವಿನ ಲಕ್ಷಣವುಳ್ಳದ್ದು ಒಂದು ಕಡೆ, ರಾಗಾದಿ ಬಂಧದ ಲಕ್ಷಣವುಳ್ಳದ್ದು ಇನ್ನೊಂದು ಕಡೆ. ಬಲ್ಲವರು ಎಚ್ಚರದಿಂದ ಉಳಿಯನ್ನು ಅಲ್ಲಿ ಇಡುತ್ತಾರೆ. ಕಲ್ಲುಕುಟಿಗನೂ ಬಂಡೆಯನ್ನು ಎಲ್ಲೆಂದರಲ್ಲಿ ಹೊಡೆಯುವುದಿಲ್ಲ. ಸೆಲೆ ನೋಡಿ ಹೊಡೆಯುತ್ತಾನೆ. ಇದನ್ನೇ ಭೇದವಿಜ್ಞಾನವೆನ್ನುವುದು. ಲೋಕಾಲೋಕದಲ್ಲಿ ಅಕಾರವನ್ನು ಹುಡುಕಿದ ಹುಡುಗನಿಗೆ ಈ ಕಲಶವನ್ನು ವಿವರಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದೂ ಸಂಧಿ ಬಿಡಿಸಿ ಬರೆಯಿರಿ ಅಂದ ಹಾಗೆಯೇ' ಎಂದ. ಮೂವತ್ತು ವರ್ಷ ಸ್ವಾಧ್ಯಾಯ ಮಾಡಿದ ನನಗೆ ಅದು ಹಾಗೆ ಹೊಳೆದಿರಲಿಲ್ಲ.

ಪಾಠಶಾಲೆಯ ಮಕ್ಕಳಿಗೆ ಈ ವರ್ಷದ ಕೆಲಸ ಇಷ್ಟು. ಉತ್ಸವದ ಆಮಂತ್ರಣ ಪತ್ರಿಕೆಯಲ್ಲಿರುವ ಈ ಪದಗಳನ್ನು ಬಿಡಿಸಿ, ಯಾವ ಸಂಧಿಯೆಂದು ನಿಮಗೆ ಅನುಕೂಲವಾದ ಲಿಪಿಯಲ್ಲಿ ಬರೆದು ತರಬೇಕು: ಜಿನಾಲಯ, ಧ್ವಜಾರೋಹಣ, ಪಂಚಾಮೃತಾಭಿಷೇಕ, ರಥೋತ್ಸವ, ಚತುರ್ವಿಂಶತಿ, ಜೀರ್ಣೋದ್ಧಾರ. ಕೊನೆಯದರಲ್ಲಿ ಎರಡು ಸಂಧಿಗಳಿವೆ. ಒಂದು ಎಲ್ಲರಿಗೂ ಕಾಣುತ್ತದೆ. ಎರಡನೆಯದು 'ದ್ಧ' ಎಂಬ ಒತ್ತಕ್ಷರದೊಳಗೆ ಅಡಗಿದೆ, ಅಲ್ಲಿ ಹಿಂದೆ ಒಂದು ಹಕಾರವಿತ್ತು. ಅದನ್ನು ಕಂಡುಹಿಡಿದವರು ರಥೋತ್ಸವದ ದಿನ ಮಧ್ಯಾಹ್ನದ ಊಟವಾದ ಮೇಲೆ ಪಾಠಶಾಲೆಯ ಕೊಠಡಿಗೆ ಬಂದು ನನಗೆ ಹೇಳಬೇಕು.